ಪಟೇಲರ ಬಚ್ಚಲುಮನೆಯಲ್ಲಿ ಇತ್ಯರ್ಥವಾದ ಗಡಿ

ಆ ಒಂದು ಸಲಹೆಗೆ ನಾನು ತೆತ್ತ ಬೆಲೆ ಒಂದು ಜೊತೆ ಕೋಣ. ಗದ್ದೆ ಉಳುವ, ಗಾಡಿ ಎಳೆಯುವ, ಹೆಗಲು ತುಂಬಿದ ಕೋಣಗಳು. ಕಳ್ಳರು ಹೊಡೆದುಕೊಂಡು ಹೋಗಲಿಲ್ಲ, ಹುಲಿ ಹಿಡಿಯಲಿಲ್ಲ, ರೋಗ ಬರಲಿಲ್ಲ. ಬಾಯಿಬಿಟ್ಟು ಸಲಹೆ ಕೊಟ್ಟೆ, ಹೋದವು. ಆದರೂ ಬದುಕಿನಲ್ಲಿ ಮಾಡಿದ ವ್ಯಾಪಾರಗಳಲ್ಲಿ ಯಾವುದು ಗಿಟ್ಟಿತು ಅಂತ ಯಾರಾದರೂ ಕೇಳಿದರೆ ಇದನ್ನೇ ಮೊದಲು ಹೇಳುತ್ತೇನೆ. ಆ ಕೋಣಗಳು ಹೋದದ್ದರಿಂದ ನನ್ನ ತಂಗಿ ತವರಿಗೆ ಬಂದಳು. ಇವತ್ತಿಗೂ ನೆನೆದರೆ ತಲೆಯ ಮೇಲಿನ ಮೂಟೆ ಇಳಿಸಿದ ಹಾಗಾಗುತ್ತದೆ.

ಈಗ ಪತ್ರಿಕೆ ಬಿಡಿಸಿದರೆ ರಾಷ್ಟ್ರೀಯ ಭದ್ರತಾ ಸಲಹೆಗಾರರ ಸುದ್ದಿ ಇರುತ್ತದೆ. ಆ ದೇಶಕ್ಕೆ ಹೋಗಿ ಬಂದರು, ಈ ದೇಶದ ಸಲಹೆಗಾರರ ಜೊತೆ ಬಾಗಿಲು ಹಾಕಿಕೊಂಡು ಮಾತಾಡಿದರು, ಆಮೇಲೆ ಗಡಿಯಲ್ಲಿ ಸ್ವಲ್ಪ ತಣ್ಣಗಾಯಿತು, ಹೀಗೆ. ವಿದೇಶಾಂಗ ಮಂತ್ರಿ ಅಂತ ಒಬ್ಬರಿರುವಾಗ ಇವರಿಗೇನು ಕೆಲಸ ಅಂತ ನಮ್ಮ ಮನೆಗೆ ಬಂದವರು ಕೇಳುತ್ತಾರೆ. ನಾನು ದಿಲ್ಲಿ ನೋಡಿದವನಲ್ಲ. ಆದರೆ ಆ ಕೆಲಸ ಎಂಥದ್ದು ಅಂತ ಬಲ್ಲೆ. ಅರವತ್ತರ ದಶಕದಲ್ಲಿ ಹೊಸನಗರ ಸೀಮೆಯ ಒಂದು ಊರಿಗೆ ನಾನು ಅದನ್ನೇ ಮಾಡಿದ್ದೇನೆ. ಯಾರೂ ನೇಮಕ ಮಾಡಿರಲಿಲ್ಲ, ಆ ಮಾತು ಬೇರೆ.

ಆಗ ನನ್ನದು ಕಾಡುತ್ಪತ್ತಿಯ ವ್ಯಾಪಾರ. ಸೀಗೆಕಾಯಿ, ಜೇನು, ವಾಟೆಹುಳಿ. ಹಳ್ಳಿಗಳಲ್ಲಿ ಕೊಂಡು ಒಂದು ವಾರ ಸಾಗರಕ್ಕೆ, ಇನ್ನೊಂದು ವಾರ ತೀರ್ಥಹಳ್ಳಿಗೆ ಒಯ್ಯುತ್ತಿದ್ದೆ. ಶುರುವಿನಲ್ಲಿ ತಲೆಹೊರೆ, ಆಮೇಲೆ ಗಾಡಿ, ಕೋಣ. ಅಪ್ಪ ಬಿಟ್ಟುಹೋದದ್ದು ಏನೂ ಇರಲಿಲ್ಲ, ತಂಗಿಯೊಬ್ಬಳನ್ನು ಬಿಟ್ಟು. ಅವಳನ್ನು ಬ್ಯಾಕೋಡಿನ ಕಡೆ ಕೊಟ್ಟಿದ್ದೆವು. ಮೊದಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ಅವಳೂ ಹೋಗಬೇಕಿತ್ತು, ನಮ್ಮೂರ ಸೂಲಗಿತ್ತಿ ಅಜ್ಜಿಯ ಕೈಗುಣದಿಂದ ಉಳಿದಳು. "ಇನ್ನೊಂದ್ಸಲ ಬಸ್ರಿ ಆದ್ರೆ ಏಳು ತಿಂಗ್ಳು ತುಂಬೋದ್ರೊಳಗೆ ನನ್ನ ಕಣ್ಣೆದುರಿಗೆ ತಂದು ಬಿಡ್ಬೇಕು" ಅಂತ ಅಜ್ಜಿ ನನಗೆ ಕಟ್ಟಪ್ಪಣೆ ಮಾಡಿದ್ದಳು.

ಅಷ್ಟರಲ್ಲಿ ಶರಾವತಿಗೆ ಅಣೆಕಟ್ಟು ಎದ್ದಿತು. ತಂಗಿಯ ಗಂಡನ ಊರು ನೀರಿನ ಪಾಲಾಗುವುದೆಂದು ಆಯಿತು. ಸರ್ಕಾರ ಅವರಿಗೆ ಜಾಗ ತೋರಿಸಿದ್ದು ಎಲ್ಲಿ ಅಂತೀರಿ, ನಮ್ಮೂರ ಹಳ್ಳದ ಆಚೆಯ ಗುಡ್ಡದಲ್ಲಿ. ನನಗೆ ಒಳಗೊಳಗೇ ಖುಷಿ, ಮತ್ತೆ ಬಸುರಿಯಾಗಿದ್ದ ತಂಗಿ ಕೂಗಳತೆಗೆ ಬಂದಳಲ್ಲ ಅಂತ. ಊರಿಗೆ ಮಾತ್ರ ಖುಷಿಯಾಗಲಿಲ್ಲ. ಗುಡ್ಡ ನಮ್ಮದಲ್ಲದಿದ್ದರೂ ಅಲ್ಲಿಗೆ ಹೋಗುವ ಗಾಡಿದಾರಿ ನಮ್ಮ ಸೊಪ್ಪಿನಬೆಟ್ಟದ ಮಧ್ಯೆ ಹಾಯುತ್ತಿತ್ತು. ಸೊಪ್ಪಿನಬೆಟ್ಟ ಅಂದರೆ ದನದ ಹಟ್ಟಿಗೆ ಹಾಸಲು, ಗದ್ದೆಗೆ ಗೊಬ್ಬರಕ್ಕೆ ಸೊಪ್ಪು ಕೊಡುವ ಕಾಡು. ಅದು ಹೋದರೆ ಬೇಸಾಯ ಹೋದಂತೆಯೇ. ಬೆಟ್ಟದ ಬಾಯಲ್ಲಿ ಗಳ ಸರಿಸಿ ತೆಗೆಯುವ ದಣಪೆ ಇತ್ತು. ಅದನ್ನು ತೆಗೆಯುವುದು, ಬಿಡುವುದು ಪಟೇಲರ ಮಾತು.

ಪಟೇಲರು ಕೆಟ್ಟವರಲ್ಲ. ಅವರ ಮನಸ್ಸು ತಕ್ಕಡಿಯ ಹಾಗೆ. ಕೊನೆಗೆ ಯಾರು ಕಲ್ಲು ಇಟ್ಟರೋ ಆ ಕಡೆ ವಾಲುತ್ತಿತ್ತು.

ಬಂದವರ ಕಡೆಯಿಂದ ಹಿರಿಯರು ನಾಲ್ಕು ಜನ ದಾರಿ ಕೇಳಲು ಬಂದರು. ಮುಂದಾಳು ತಂಗಿಯ ಮಾವನೇ, ನನಗೂ ಮಾವ. ಪಟೇಲರ ಜಗಲಿಯಲ್ಲಿ ಕೂರಿಸಿ ವಾಡಿಕೆಯಂತೆ ಬೆಲ್ಲ, ನೀರು ಇಟ್ಟರು. ಅವರು ನೀರು ಕುಡಿದರು. ಬೆಲ್ಲ ಮುಟ್ಟಲಿಲ್ಲ. ಒಬ್ಬರೂ ಮುಟ್ಟಲಿಲ್ಲ. ಮಾತಾಡಿ, ಕೈಮುಗಿದು, ಎದ್ದುಹೋದರು. ತಟ್ಟೆಯ ಬೆಲ್ಲಕ್ಕೆ ಇರುವೆ ಹತ್ತುವವರೆಗೂ ನಮ್ಮವರು ಅದನ್ನೇ ನೋಡುತ್ತ ಕೂತಿದ್ದರು. ನಮ್ಮೂರಲ್ಲಿ ನೀರು ಕುಡಿದು ಬೆಲ್ಲ ಬಿಟ್ಟು ಹೋಗುವುದು ಹಗೆ ಇಟ್ಟುಕೊಂಡವನು ಮಾತ್ರ.

ಪಟೇಲರ ಬಾಮೈದ ತೊಡೆ ತಟ್ಟಿ ಎದ್ದ. ಅಕ್ಕನ ಮನೆಯಲ್ಲೇ ಇದ್ದುಕೊಂಡು ಯಜಮಾನಿಕೆ ನೋಡುತ್ತಿದ್ದವನು ಅವನು.

"ನೋಡಿದ್ರಾ ಭಾವ? ನಮ್ಮ ನೀರು ಬೇಕು, ನಮ್ಮ ಬೆಲ್ಲ ಬೇಡ. ನಮ್ಮ ದಾರಿ ಬೇಕು, ನಮ್ಮ ಬಳಕೆ ಬೇಡ."

"ಹಲ್ಲು ನೋವಿದ್ದಿರಬಹುದಪ್ಪ" ಅಂದೆ.

"ನಾಲ್ಕೂ ಜನಕ್ಕಾ?"

ಜಗಲಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಚೀನಾದವರ ಜೊತೆ ಯುದ್ಧವಾಗಿ ಹೆಚ್ಚು ಕಾಲ ಆಗಿರಲಿಲ್ಲ. ಆ ಪೆಟ್ಟು ನಮ್ಮ ಮಲೆನಾಡಿನ ಮೂಲೆಗೂ ತಾಗಿತ್ತು. ಪಟೇಲರ ರೇಡಿಯೋ ಸುತ್ತ ಕೂತು ಕೇಳಿದ ಸೋಲಿನ ಸುದ್ದಿಯನ್ನು ಯಾರೂ ಮರೆತಿರಲಿಲ್ಲ. ಬಾಮೈದನಿಗೆ ಅದು ಕೈಗೆ ಸಿಕ್ಕ ಕತ್ತಿ. "ಅಣ್ಣತಮ್ಮ, ಭಾಯಿ ಭಾಯಿ ಅಂತ ಹೆಗಲ ಮೇಲೆ ಕೈ ಹಾಕಿದ್ದಕ್ಕೆ ಏನಾಯ್ತು? ದಿಲ್ಲಿಯವರಿಗೇ ಮೋಸ ಆಯ್ತು. ನಾವು ಯಾವ ಲೆಕ್ಕ? ಇವತ್ತು ದಾರಿ ಕೊಟ್ರೆ ನಾಳೆ ಬೆಟ್ಟ, ನಾಡಿದ್ದು ಗದ್ದೆ" ಅಂದ. ಹಳ್ಳವನ್ನು ಅವನು ಅಂದಿನಿಂದ ಹಳ್ಳ ಅನ್ನಲಿಲ್ಲ, ಗಡಿ ಅಂದ. ಇದು ಸಣ್ಣ ಸಂಗತಿಯಲ್ಲ. ಎದುರಿನವನಿಗೆ ಯಾವ ಹೆಸರು ಇಡುತ್ತೀರಿ, ಅವನನ್ನು ಹಿಂದಿನ ಯಾವ ಕಥೆಗೆ ಹೋಲಿಸುತ್ತೀರಿ ಅನ್ನುವುದರಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ರಾಜ್ಯ ಆಳುವವರ ಪಕ್ಕ ಕೂತವರು ಮಾಡುವ ಮೊದಲ ಕೆಲಸವೇ ಅದು.

ಆದರೂ ಶುಕ್ರವಾರದ ಸಭೆಯಲ್ಲಿ ಪಟೇಲರು ಮೆತ್ತಗಿದ್ದರು. "ಮಳೆಗಾಲ ಬಂತು. ಹೆಂಗಸ್ರು ಮಕ್ಳು ಇದಾರೆ. ದಾರಿ ಕೊಡೋಣ ಕಣ್ರೋ" ಅಂದರು. ನಾನು ನಿರಾಳವಾಗಿ ಮನೆಗೆ ಬಂದು ತಂಗಿಗೆ ಅಂತ ಒಂದು ಮೂಲೆ ಗುಡಿಸಿ, ಸಾರಿಸಿ ಇಟ್ಟೆ. ಶನಿವಾರ ಮಧ್ಯಾಹ್ನ ಕರೆ ಬಂತು: ದಣಪೆಗೆ ಮುಳ್ಳು ಬಿಗಿಯಬೇಕು; ಮುಂದಿನ ಅಮಾವಾಸ್ಯೆಗೆ ಊರು ಕೂಡಿಸಿ ಆ ಕಡೆಯವರ ಜೊತೆ ಬಳಕೆ ಬಿಡುವ ಮಾತು ಆಗಬೇಕು.

ಬಳಕೆ ಬಿಡುವುದು ಅಂದರೆ ಗೊತ್ತಲ್ಲ. ಆ ಕಡೆಯ ಕಾಲು ಈ ಕಡೆಯ ಹೊಸಿಲು ತುಳಿಯುವಂತಿಲ್ಲ. ಇಲ್ಲಿಯ ಸೂಲಗಿತ್ತಿ ಅಲ್ಲಿಗೆ ಹೋಗುವಂತಿಲ್ಲ. ತಂಗಿಗೆ ಆಗಲೇ ಆರು ತಿಂಗಳು ತುಂಬಿತ್ತು.

ನಾನು ಅಳುವ ಜಾತಿಯವನಲ್ಲ, ವ್ಯಾಪಾರದವನು. ಶುಕ್ರವಾರ ಒಂದು ಧಾರಣೆ, ಶನಿವಾರ ಇನ್ನೊಂದು ಧಾರಣೆ ಅಂದರೆ ನಡುವೆ ಯಾರೋ ಕೈಯಾಡಿಸಿದ್ದಾರೆ ಅಂತಲೇ ಅರ್ಥ. ಎಲ್ಲಿ ಅಂತ ಯೋಚಿಸಿದೆ. ಶನಿವಾರ ಬೆಳಿಗ್ಗೆ ಪಟೇಲರ ಎಣ್ಣೆ ಸ್ನಾನ. ಹಂಡೆ ತುಂಬ ಸುಡುನೀರು, ಮೈಗೆಲ್ಲ ಎಣ್ಣೆ, ತಲೆಗೆ ಸೀಗೆ. ಒಳಗೆ ಬೆನ್ನು ತಿಕ್ಕುವವನು ಬಾಮೈದ ಒಬ್ಬನೇ. ಜಗಲಿಯಲ್ಲಿ ಊರೆಲ್ಲ ಕೂಡಿ ಆಡಿದ ಮಾತು ಬಚ್ಚಲ ಹಬೆಯಲ್ಲಿ ಕರಗುತ್ತಿತ್ತು. ಕಣ್ಣು ಮುಚ್ಚಿಕೊಂಡು, ಬೆನ್ನು ಬಗ್ಗಿಸಿಕೊಂಡು ಕೂತ ಯಜಮಾನ. ಹಿಂದೆ ಒಬ್ಬನದೇ ದನಿ. ಮಂತ್ರಿಗಳು ಹತ್ತು ಜನ ಇರಲಿ, ಸಭೆ ಮುಗಿದ ಮೇಲೆ ಒಳಗೆ ಉಳಿಯುವವನು ಯಾರು ಅಂತ ನೋಡಬೇಕು. ಸಲಹೆಗಾರನಿಗೆ ಸೈನ್ಯವಿಲ್ಲ, ಇಲಾಖೆಯಿಲ್ಲ, ಓಟು ಹಾಕಿದವರಿಲ್ಲ. ಒಳಗೆ ಹೋಗುವ ಬಾಗಿಲೇ ಅವನ ಅಧಿಕಾರ.

ಒಳಗೆ ಹೋಗುವ ಮುಂಚೆ ಕೈಯಲ್ಲಿ ಸರಕು ಇರಬೇಕು. ಪಟೇಲರ ಹತ್ತಿರ ಹೋಗಿ, "ತಂಗಿ ನೋಡ್ಕೊಂಡು ಬರ್ತೀನಿ" ಅಂದೆ. ಅವರಿಗೆ ಅರ್ಥವಾಯಿತು. ಅಡಿಕೆ ಜಗಿಯುತ್ತ ಆ ಕಡೆ ಮುಖ ಮಾಡಿ, "ಹೋಗು. ನಾನು ಕಳಿಸ್ದೆ ಅಂತ ಹೇಳ್ಬೇಡ" ಅಂದರು. ಸ್ವಲ್ಪ ತಡೆದು, "ಬೆಲ್ಲ ಯಾಕೆ ಬಿಟ್ರು ಅಂತ ಕೇಳ್ಬೇಡ. ಕೇಳ್ದೇ ತಿಳ್ಕೊಂಡು ಬಾ" ಅಂತ ಸೇರಿಸಿದರು.

ಹಳ್ಳ ದಾಟಿ ಗುಡ್ಡ ಹತ್ತಿದೆ. ಸೋಗೆ ಹೊದಿಸಿದ ಬಿಡಾರಗಳು, ಬಿಚ್ಚಿ ತಂದ ಬಾಗಿಲುಗಳನ್ನು ಮರಕ್ಕೆ ಆನಿಸಿ ಇಟ್ಟಿದ್ದರು. ಮಾವ ಗೂಟ ಹೊಡೆಯುತ್ತಿದ್ದವರು ನನ್ನ ನೋಡಿ ಕೆಲಸ ನಿಲ್ಲಿಸಲಿಲ್ಲ.

"ಏನು, ಮುಳ್ಳು ಬಿಗಿದಿರಂತೆ?"

"ನಾನಲ್ಲ ಮಾವ."

"ನಿಮ್ಮೂರು ಅಂದೆ."

ತಂಗಿ ನೀರು ತಂದಿಟ್ಟಳು. ಬರೀ ನೀರು. ನಾನು ಚೊಂಬು ಎತ್ತಿಕೊಂಡು ಸುಮ್ಮನೆ ಅವಳ ಮುಖ ನೋಡಿದೆ. ಅವಳಿಗೆ ನಾಚಿಕೆ. "ಬೆಲ್ಲ ಇಲ್ಲ ಅಣ್ಣಯ್ಯ. ಇದ್ರೂ ಕೊಡೋ ಹಂಗಿಲ್ಲ. ಈ ಬಯಕೆ ಕಾಲದಲ್ಲಿ ಒಂದು ಚೂರು ಸಿಹಿ ಇಲ್ದೆ ನಂಗೆ ನಾಲ್ಗೆ ಕಿತ್ತು ಬಿಸಾಕೋ ಹಂಗಾಗಿದೆ" ಅಂದಳು.

"ಯಾಕೆ?"

ಅವಳು ಮಾವನ ಕಡೆ ನೋಡಿದಳು. ಮಾವ ಗೂಟಕ್ಕೆ ಇನ್ನೆರಡು ಪೆಟ್ಟು ಹಾಕಿ, ಬೆವರು ಒರೆಸಿಕೊಂಡು ಹೇಳಿದರು. ಅವರ ಊರು ಕಾಯುವ ದೇವತೆ ಚೌಡಿಯ ಕಲ್ಲನ್ನು ನೀರು ಏರುವ ಮುಂಚೆ ಎತ್ತಿ ತಂದಿದ್ದರು. ದೊಡ್ಡ ಕಲ್ಲು, ಗಾಡಿಯಿಲ್ಲದೆ ಗುಡ್ಡ ಹತ್ತದು. ರಸ್ತೆ ಬದಿಯ ಮಾವಿನ ಮರದ ಕೆಳಗೆ ಪಂಚೆ ಹೊದಿಸಿ ಕೂರಿಸಿದ್ದರು. ಅವಳು ನೆಲೆ ನಿಲ್ಲುವವರೆಗೆ ಊರಿನ ಯಾರೂ ಸಿಹಿ ಮುಟ್ಟುವಂತಿಲ್ಲ ಅಂತ ಕಟ್ಟು. ದಾರಿ ಕೇಳಿದ್ದು ಮೊದಲು ಅವಳಿಗಾಗಿ.

"ಅಯ್ಯೋ ಮಾವ, ಇದನ್ನ ಜಗಲೀಲಿ ಒಂದು ಮಾತು ಹೇಳೋದಲ್ವಾ?"

"ನೆಲೆ ಇಲ್ಲದ ದೇವರ ಮಾತು ಕಂಡವರ ಜಗಲೀಲಿ ಎತ್ತೋದಾ?" ಅವರಿಗೆ ನಿಜವಾಗಿ ಸಿಟ್ಟು ಬಂತು. "ನೀವೂ ಮಲೆನಾಡವರೇ ಅಲ್ವಾ, ಬೆಲ್ಲ ಬಿಟ್ಟಿದ್ದು ನೋಡಿದ್ರೆ ತಿಳೀತದೆ ಅಂದ್ಕೊಂಡ್ವಿ."

ತಿಳಿದಿತ್ತು, ಉಲ್ಟಾ ತಿಳಿದಿತ್ತು. ಒಂದೇ ಭಾಷೆ, ಒಂದೇ ಬೆಲ್ಲ, ಎರಡು ದಿನದ ದಾರಿ ಆಚೆ ಅರ್ಥ ಬೇರೆ. ಎರಡು ದೇಶಗಳ ನಡುವೆ ಹೀಗಾಗುವುದಿಲ್ಲ ಅಂತ ನನಗೆ ಯಾರೂ ಹೇಳಬೇಡಿ. ಎದುರಿನವನ ಮೌನಕ್ಕೆ ಅರ್ಥ ಹೇಳುವವನೇ ಯುದ್ಧವನ್ನೂ ತರುತ್ತಾನೆ, ಶಾಂತಿಯನ್ನೂ ತರುತ್ತಾನೆ. ಮನೆಯಲ್ಲೇ ಕೂತು ಅರ್ಥ ಹೇಳುವವನ ಕೈಗೆ ಆ ಕೆಲಸ ಕೊಡಬಾರದು.

ಮುಂದಿನ ಶನಿವಾರ ಬೆಳಿಗ್ಗೆ ಹೊಸ ಸೀಗೆಪುಡಿ, ಹಸಿ ಮತ್ತಿಸೊಪ್ಪು ಹಿಡಿದುಕೊಂಡು ಪಟೇಲರ ಹಿತ್ತಿಲ ಬಾಗಿಲಿಗೆ ಹೋದೆ. ಬಚ್ಚಲೊಳಗಿಂದ ಹಬೆ ಬರುತ್ತಿತ್ತು.

"ಯಾರದು?"

"ನಾನು ಪಟೇಲ್ರೇ. ಸೀಗೆ ತಂದೆ. ಮತ್ತಿಸೊಪ್ಪಿನ ಲೋಳೆ ತೆಗೆದು ತಲೆಗೆ ಹಾಕಿದ್ರೆ ಕಣ್ಣುರಿ ಇಳೀತದೆ."

"ಸೀಗೆಕಾಯಿ ಸಾವ್ಕಾರನಾ? ಬಾ ಒಳಗೆ. ಒಲೆಗೆ ಸೌದೆ ಒತ್ತು."

ಬಾಮೈದ ಬೆನ್ನು ತಿಕ್ಕುತ್ತಿದ್ದವನು ತಲೆ ಎತ್ತಿದ. "ಇಟ್ಟು ಹೋಗ್ಲಿ ಭಾವ. ಗಿರಾಕಿಗಳು ಕಾಯ್ತಿರ್ತಾರೆ ಅವನಿಗೆ."

"ನನ್ನ ಗಿರಾಕಿ ಇಲ್ಲೇ ಕೂತಿದಾರಲ್ಲ" ಅಂದೆ. ಪಟೇಲರು ಸೀಗೆ ನೊರೆಯ ನಡುವೆ ಕಿಸಕ್ಕನೆ ನಕ್ಕರು. ನಾನು ಸೊಪ್ಪು ಕಿವುಚಲು ಕೂತೆ. ಹೀಗೆ ನಮ್ಮ ಊರಿನ ಭದ್ರತಾ ಸಭೆ ಶುರುವಾಯಿತು.

ಮೊದಲು ನನ್ನ ಸ್ವಾರ್ಥವನ್ನೇ ಎತ್ತಿಟ್ಟೆ. "ಪಟೇಲ್ರೇ, ನನ್ನ ತಂಗಿ ಆ ಕಡೆ ಇದಾಳೆ. ಅದಕ್ಕೇ ನಾನು ಗುಡ್ಡ ಹತ್ತಿದ್ದು. ಇದನ್ನ ಇಟ್ಟುಕೊಂಡೇ ನನ್ನ ಮಾತು ತೂಗಿ" ಅಂದೆ. ಬಾಮೈದ ಅದನ್ನೇ ಹೇಳಬೇಕೆಂದು ಬಾಯಿ ತೆರೆದಿದ್ದವನು ಮುಚ್ಚಿದ. ಆಮೇಲೆ ಚೌಡಿಯ ಕಥೆ ಹೇಳಿದೆ. "ಸುಳ್ಳು ಅನ್ಸಿದ್ರೆ ಯಾರನ್ನಾದ್ರೂ ಕಳ್ಸಿ. ಕಲ್ಲು ರಸ್ತೆ ಪಕ್ಕ ಮರದ ಕೆಳಗೇ ಇದೆ. ಪಂಚೆ ಹೊದ್ಕೊಂಡು ಕೂತಿದಾಳೆ."

ಪಟೇಲರು ತಿಕ್ಕುವ ಕೈ ತಡೆದರು. "ಪಂಚೆ ಹೊದಿಸಿ... ರಸ್ತೆ ಪಕ್ಕ?"

"ಹೌದು. ಮಳೆ ಬಂದ್ರೆ ನೆನೀತಾಳೆ."

"ಭಾವ, ಚೌಡಿ ಇರಬಹುದು" ಅಂದ ಬಾಮೈದ. "ಆದ್ರೆ ಒಂದ್ಸಲ ಗಾಡಿ ಹೋದ ದಾರಿ ಮತ್ತೆ ಮುಚ್ಚಕ್ಕೆ ಆಗಲ್ಲ. ಬೆಟ್ಟದ ಗತಿ ಏನು?"

ಅವನ ಮಾತು ಪೊಳ್ಳಲ್ಲ. ಇವತ್ತು ನ್ಯಾಯವಾಗಿ ಹೇಳುತ್ತೇನೆ, ಆ ಬೆಟ್ಟ ಆಮೇಲೆ ಸ್ವಲ್ಪ ಸವೆದದ್ದೂ ಹೌದು. ಅವನು ದುಷ್ಟನಲ್ಲ, ಹೆದರಿದವನು. ಹೆದರಿದವನೂ ಒಬ್ಬ ಯಜಮಾನನ ಪಕ್ಕ ಇರಬೇಕು. ಅವನೊಬ್ಬನೇ ಇರಬಾರದು, ಅಷ್ಟೇ.

ಪಟೇಲರು ಕೇಳಿದರು, "ಈಗ ನಾನೇನು ಮಾಡ್ಲಿ? ಮುಳ್ಳು ಬಿಗಿಸಿ ಆಯ್ತು. ನಾನೇ ಹೋಗಿ ಬಿಚ್ಚಿದ್ರೆ ಊರು ನಗಲ್ವಾ?"

ಇಲ್ಲೇ ಇರುವುದು ಕಸುಬು. ಯಜಮಾನನಿಗೆ ತಪ್ಪು ಅಂತ ಗೊತ್ತಾದ ಮೇಲೂ ಹಿಂದೆ ಸರಿಯಲು ಅವನಿಗೆ ಮೆಟ್ಟಿಲು ಬೇಕು. ಬಳಕೆ ಬಿಟ್ಟರೆ ಏನಾಗುತ್ತದೆ ಅಂದೆ: ಸರ್ಕಾರ ಕೂರಿಸಿದವರು ಎದ್ದು ಹೋಗುವುದಿಲ್ಲ, ಜನ್ಮವಿಡೀ ಎದುರಿಗೇ ಇರುತ್ತಾರೆ, ನಾಟಿಗೆ ಕರೆದರೆ ಬರುವ ಆಳುಗಳೂ ತಪ್ಪುತ್ತಾರೆ. ಕೇಳಿದ ಕೂಡಲೇ ದಾರಿ ಕೊಟ್ಟರೆ ಏನಾಗುತ್ತದೆ ಅಂದೆ: ಪಟೇಲರ ಮಾತಿಗೆ ತೂಕ ಹೋಗುತ್ತದೆ. ಎರಡನ್ನೂ ಅವರು ನುಂಗಲಾರದೆ ಕೂತಿದ್ದಾಗ ಮೂರನೆಯದನ್ನು ಮುಂದಿಟ್ಟೆ.

"ಜನಕ್ಕೆ ದಾರಿ ಕೊಡ್ಬೇಡಿ ಪಟೇಲ್ರೇ. ಚೌಡಿಗೆ ಕೊಡಿ. ರಸ್ತೇಲಿ ಬಿದ್ದ ದೇವರನ್ನ ನೀವೇ ಕರ್ಕೊಂಡು ಹೋಗಿ ನಿಲ್ಲಿಸಿ. ಬೆಟ್ಟದ ಸೊಪ್ಪು ಮುಟ್ಟಲ್ಲ ಅಂತ ಅವ್ರು ಅವಳ ಮುಂದೆ ಆಣೆ ಮಾಡ್ಲಿ. ನಮ್ಮೂರ ಕಾಗದ ಪತ್ರಕ್ಕಿಂತ ಗಟ್ಟಿ ಅದು."

ಪಟೇಲರ ಮುಖ ನೊರೆಯೊಳಗೇ ಅರಳಿತು.

ಆಗ ಬಾಮೈದ ತಣ್ಣಗೆ ಒಂದು ಮಾತು ಎಸೆದ. "ಸರಿ ಭಾವ. ಗಾಡಿಗೆ ಯಾರ ಕೋಣ?"

ದೇವರ ಗಾಡಿ ಎಳೆದ ಕೋಣಕ್ಕೆ ಮತ್ತೆ ನೊಗ ಇಡುವಂತಿಲ್ಲ. ಅವು ಆವತ್ತಿನಿಂದ ದೇವರವು, ಊರಾಡಿಕೊಂಡು ಮೇಯುತ್ತವೆ. ಕಳೆದುಕೊಳ್ಳಲು ಯಾರು ಮುಂದೆ ಬರುತ್ತಾರೆ? ನನ್ನ ಕೈಯಲ್ಲಿ ಮತ್ತಿಸೊಪ್ಪಿನ ಲೋಳೆ ಸೋರುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

"ಸಲಹೆ ಕೊಟ್ಟವರದ್ದೇ ಇವೆಯಲ್ಲ, ಗಟ್ಟಿ ಕೋಣಗಳು" ಅಂದ ಅವನು, ಭಾವನ ತಲೆಗೆ ನೀರು ಹುಯ್ಯುತ್ತ.

ಪಟೇಲರು ನೀರಿನ ಅಡಿಯಿಂದ ಒಂದು ಕಣ್ಣು ತೆರೆದು ನನ್ನನ್ನು ನೋಡಿದರು. ನನ್ನ ಮಾತು ಎಷ್ಟು ನಿಜ ಅಂತ ಅವರು ಅಳೆದದ್ದು ಆಗ.

"ಆಯ್ತು" ಅಂದೆ.

ಸೋಮವಾರ ಪಟೇಲರು ಶಾಲು ಹೊದ್ದು ತಾವೇ ಮುಳ್ಳು ಬಿಚ್ಚಿ ದಣಪೆಯ ಗಳ ಸರಿಸಿದರು. ಚೌಡಿ ನನ್ನ ಗಾಡಿಯ ಮೇಲೆ ಕೂತು ನಮ್ಮ ಬೆಟ್ಟದೊಳಗೆ ಹಾದುಹೋದಳು. ಹಿಂದೆ ಅವರ ಮಂದಿ, ಅವರ ಹಿಂದೆ ನಮ್ಮ ಮಂದಿ, ನಡುವೆ ಇದ್ದ ಜಾಗ ನಡೆದಂತೆಲ್ಲ ಕಡಿಮೆಯಾಗುತ್ತ ಬಂತು. ಗುಡ್ಡದ ಮೇಲೆ ಕಲ್ಲು ನಿಂತು ಆಣೆಯಾದ ಕೂಡಲೇ ಮಾವ ಪಟೇಲರ ಕೈಯಿಂದ ಬೆಲ್ಲ ಇಸಿದುಕೊಂಡು ಬಾಯಿಗೆ ಹಾಕಿಕೊಂಡರು. ತಂಗಿ ಯಾರಿಗೂ ಕಾಯಲಿಲ್ಲ, ತಟ್ಟೆಗೇ ಕೈ ಹಾಕಿದಳು. ಬಾಮೈದನೇ ಅವಳ ಮುಂದೆ ತಟ್ಟೆ ಸರಿಸಿದ್ದು: "ತಿನ್ನು ತಂಗಿ, ಎರಡು ಜೀವ."

ನಾನು ಮರುದಿನ ಬೆಳಿಗ್ಗೆಯೇ ತಲೆಹೊರೆ ಹೊತ್ತು ಸಾಗರಕ್ಕೆ ಹೊರಟೆ. ಗಾಡಿ ಇತ್ತು, ಎಳೆಯುವವರು ಇರಲಿಲ್ಲ. ತಿರುಗಿ ಬರುವಷ್ಟರಲ್ಲಿ ಪಟೇಲರು ಜಗಲಿಯಲ್ಲಿ ಕೂತು, "ಚೌಡೀನ ಕರ್ಕೊಂಡು ಹೋಗೋಣ ಅಂತ ನಂಗೆ ಸ್ನಾನ ಮಾಡ್ತಿದ್ದಾಗ ಹೊಳೀತು" ಅಂತ ಎಲ್ಲರಿಗೂ ಹೇಳುತ್ತಿದ್ದರು. ಅದು ಸುಳ್ಳೂ ಅಲ್ಲ. ನಾನು ತಲೆಯಾಡಿಸಿದೆ. ಅವರ ಯೋಚನೆ ಅಂತ ಆದದ್ದರಿಂದಲೇ ಮುಂದಿನ ಶನಿವಾರ ಅದು ಬದಲಾಗಲಿಲ್ಲ.

ಏಳು ತುಂಬುವ ಮುಂಚೆ ತಂಗಿ ಆ ದಾರಿಯಲ್ಲೇ ನಡೆದು ನಮ್ಮ ಮನೆಗೆ ಬಂದಳು. ಹೆರಿಗೆಯ ದಿನ ನಾನು ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆ. ನನ್ನದೇ ಕೋಣಗಳು ನನ್ನದೇ ಗದ್ದೆಗೆ ನುಗ್ಗಿ ಪೈರು ಮೇಯುತ್ತಿದ್ದವು. ದೇವರ ಕೋಣ, ಹೊಡೆಯುವಂತಿಲ್ಲ, ಬೈಯುವಂತಿಲ್ಲ. ಸೂಲಗಿತ್ತಿ ಅಜ್ಜಿ ಬಾಗಿಲಿಗೆ ಬಂದು, "ಯಾಕೋ ಹಂಗೆ ತಿರುಗ್ತೀಯ, ನೀನು ಹೆರ್ತೀಯಾ? ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ" ಅಂದಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಕೋಣಗಳು ಪೈರು ಮೇಯುವುದನ್ನು ಅಷ್ಟು ಹಗುರ ಮನಸ್ಸಿನಿಂದ ನಾನು ಮತ್ತೆಂದೂ ನೋಡಿಲ್ಲ.

ಈಗ ನಿಮಗೆ ಒಂದೆರಡು ಮಾತು. ದೊಡ್ಡವರು ಇಂಥ ದೇಶದ ಮೇಲೆ ಸಿಟ್ಟಾದರು, ಇಂಥವರ ಜೊತೆ ರಾಜಿಯಾದರು ಅಂತ ಸುದ್ದಿ ಓದಿದಾಗ ಭಾಷಣ ಬಿಡಿ. ಆ ದೊಡ್ಡವರಿಗೆ ಆ ಸುದ್ದಿಯನ್ನು ಹೇಳಿದವರು ಯಾರು, ಆ ಕಡೆಯ ನೆಲ ಅವರು ಕಾಲಿನಿಂದ ತುಳಿದಿದ್ದಾರಾ ಅಂತ ಹುಡುಕಿ. ನೀವೇ ಯಾರಿಗಾದರೂ ಸಲಹೆ ಕೊಡುವ ಜಾಗದಲ್ಲಿದ್ದರೆ, ಮನೆಯಲ್ಲಿರಲಿ, ಸೊಸೈಟಿಯಲ್ಲಿರಲಿ, ನಿಮ್ಮ ಸ್ವಾರ್ಥವನ್ನು ಎದುರಾಳಿ ಹೇಳುವ ಮುಂಚೆ ನೀವೇ ಹೇಳಿಬಿಡಿ. ಕೇಳುವವನಿಗೆ ತಪ್ಪು ತೋರಿಸಿದರೆ ಸಾಲದು, ಮರ್ಯಾದೆಯಿಂದ ಇಳಿದು ಬರುವ ದಾರಿಯನ್ನೂ ತೋರಿಸಿ. ಅದಕ್ಕೆ ತಗಲುವ ಖರ್ಚಿನಲ್ಲಿ ನಿಮ್ಮ ಪಾಲು ಎಷ್ಟು ಅಂತ ಮನೆಯಿಂದ ಹೊರಡುವಾಗಲೇ ಗಟ್ಟಿ ಮಾಡಿಕೊಳ್ಳಿ. ನನ್ನ ಹಾಗೆ ಅಲ್ಲಿ ಹೋಗಿ ಬಾಯಿ ಕಟ್ಟಿಸಿಕೊಳ್ಳಬೇಡಿ. ಕೆಲಸ ಆದ ಮೇಲೆ ಒಂದು ವಾರ ಊರಲ್ಲಿ ನಿಲ್ಲಬೇಡಿ. ಎಲ್ಲಾದರೂ ಸಂತೆಗೆ ಹೋಗಿ ಬನ್ನಿ.